ಮೂವತ್ತೆಂಟನೇ ಡಬ್ಬಿ

ಪೀಣ್ಯ ಎರಡನೇ ಹಂತದಲ್ಲಿ ಶ್ರೀಕರ್ ಯಾರು ಅಂತ ಕೇಳಿದರೆ ನಾಲ್ಕು ಜನ ತಲೆ ಕೆರೆದುಕೊಂಡಾರು. ಮೈಕ್ರಾನ್ ಸಾರ್ ಅಂದುಬಿಡಿ, ಟೀ ಅಂಗಡಿಯವನೂ ಕೈ ತೋರಿಸಿ ದಾರಿ ಹೇಳುತ್ತಾನೆ. ಪಂಪಿನ ಬಿಡಿಭಾಗ ಮಾಡುವ ಒಂದು ಸಾಧಾರಣ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷದಿಂದ ಅವನದು ತಪಾಸಣೆಯ ಕೆಲಸ. ಕೂದಲೆಳೆಯ ಕಾಲುಭಾಗ ಅಳತೆ ತಪ್ಪಿದರೂ ಮಾಲು ವಾಪಸ್. ಅವನ ಪಾಲಿಗೆ ಒಂದು ಠಸ್ಸೆ ಇದೆ, ಹದಿನೇಳನೇ ನಂಬರಿನದು. ತಾನು ಅಳೆಯದ ಒಂದೇ ಒಂದು ತುಂಡಿಗೂ ಅವನು ಅದನ್ನು ಒತ್ತಿದವನಲ್ಲ. ಲಾರಿ ಗೇಟಿನಲ್ಲಿ ನಿಂತು ಹಾರ್ನ್ ಹೊಡೆಯಲಿ, ಮಾಲೀಕರೇ ಬಂದು ಎದುರಿಗೆ ನಿಲ್ಲಲಿ, ನೋಡದೆ ಸಹಿ ಹಾಕಲ್ಲ ಅನ್ನುವುದೊಂದೇ ಮಾತು. ಇಂಥವರ ಜೊತೆ ಕೆಲಸ ಮಾಡಬಹುದು, ಸಂಸಾರ ಮಾಡುವುದು ಕಷ್ಟ. ಪ್ರಿಯಂವದಾ ಇಪ್ಪತ್ತೆರಡು ವರ್ಷ ಮಾಡಿದಳು.

ಎರಡು ವರ್ಷದ ಹಿಂದೆ, ಆಷಾಢದಲ್ಲಿ, ಅವಳಿಗೆ ಡೆಂಗ್ಯೂ ಬಂತು. ಸೋಮವಾರ ಜ್ವರ, ಶುಕ್ರವಾರ ಎಲ್ಲ ಮುಗಿದಿತ್ತು. ಹದಿಮೂರು ದಿನ ಕಳೆದ ಮೇಲೆ ಶ್ರೀಕರ್ ಟಿಫಿನ್ ಕಟ್ಟಿಕೊಂಡು ಕೆಲಸಕ್ಕೆ ಬಂದ. ಎಷ್ಟು ಗಟ್ಟಿ ಮನುಷ್ಯ ಅಂತ ಜನ ಮಾತಾಡಿಕೊಂಡರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟರೆ ದವಡೆ ಹೇಗಿರುತ್ತದೋ ಅವನು ಇಡೀ ಮೈಯಲ್ಲಿ ಹಾಗಿದ್ದ. ಉಪ್ಪಿಟ್ಟಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ತಿಂದ ಮೇಲೂ ಗೊತ್ತಾಗುತ್ತಿರಲಿಲ್ಲ. ಜಾಲಹಳ್ಳಿಯ ಮನೆಯಲ್ಲಿ ಟಿವಿ ಹಾಕಿಕೊಂಡು ಕೂರುತ್ತಿದ್ದ; ಯಾವ ಚಾನೆಲ್ ಅಂತ ಕೇಳಿದರೆ ಹೇಳಲಾರ. ಮಕ್ಕಳಿಲ್ಲದ ಮನೆ, ಕೇಳುವವರೂ ಇರಲಿಲ್ಲ. ಅವನ ಕೈಕೆಳಗಿನ ಲೇತ್ ಆಪರೇಟರ್ ಚನ್ನವೀರಪ್ಪ, ಬಾಗಲಕೋಟೆ ಕಡೆಯವನು, ಊಟದ ಹೊತ್ತಿನಲ್ಲಿ ಒಮ್ಮೆ ಪಕ್ಕ ಕೂತು, "ಸರ, ಒಮ್ಮೆ ಅತ್ತಬಿಡ್ರಿ, ಹಗುರ ಆಕ್ಕೈತಿ" ಅಂದ. ಶ್ರೀಕರ್ ತಲೆಯಾಡಿಸಿದ. ಅವನಿಗೂ ಅಳಬೇಕಿತ್ತು. ಬರುತ್ತಿರಲಿಲ್ಲ, ಅಷ್ಟೇ. ಅದೇ ಅವನಿಗೆ ಒಳಗೊಳಗೇ ಹೆದರಿಕೆ ಹುಟ್ಟಿಸಿತ್ತು.

ಇನ್ನು ಈ ಡಬ್ಬಿಯ ವಿಷಯ. ಪ್ರಿಯಂವದಾ ದಾಸರಹಳ್ಳಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರ್. ನಲವತ್ತೈದು ದಾಟಿದ ಮೇಲೆ ಅವಳಿಗೆ ಎಲ್ಲಿಂದಲೋ ಜಿಯೋಕ್ಯಾಶಿಂಗ್ ಅನ್ನುವ ಹುಚ್ಚು ಹತ್ತಿಕೊಂಡಿತು. ಯಾರೋ ಎಲ್ಲೋ ಒಂದು ಡಬ್ಬಿ ಬಚ್ಚಿಡುತ್ತಾರೆ, ಅದರ ಅಕ್ಷಾಂಶ ರೇಖಾಂಶವನ್ನು ಆಪ್‌ಗೆ ಹಾಕುತ್ತಾರೆ. ನಾವು ಫೋನ್ ಹಿಡಿದು ಹುಡುಕಿಕೊಂಡು ಹೋಗಬೇಕು. ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಇರುತ್ತದೆ. ಹೆಸರು, ತಾರೀಕು ಬರೆದು, ಇದ್ದಲ್ಲೇ ಇಟ್ಟು, ಏನೂ ಆಗದವರ ಹಾಗೆ ಬಂದುಬಿಡಬೇಕು. ಅಕ್ಕಪಕ್ಕದವರಿಗೆ ಗೊತ್ತಾಗಬಾರದು. ಬಹುಮಾನ ಗಿಹುಮಾನ ಏನಿಲ್ಲ. ಇದಕ್ಕೆ ಭಾನುವಾರದ ನಿದ್ದೆ ಹಾಳು.

ಶ್ರೀಕರ್ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಕರೆದುಕೊಂಡು ಹೋಗುವುದಷ್ಟೇ, ಇಳಿಯುತ್ತಿರಲಿಲ್ಲ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಹಿಂದಿನ ಕೆರೆ ಏರಿ ಇರಲಿ, ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆಯ ಕೆಳಗಿನ ಬಸ್‌ಸ್ಟಾಪ್ ಇರಲಿ, ಅವನು ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು, ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡು ಪೇಪರ್ ಓದುತ್ತಿದ್ದ. ಅವಳು ಕೈಗೆ ಮಣ್ಣು ಮೆತ್ತಿಕೊಂಡು, ಮುಖ ಅರಳಿಸಿಕೊಂಡು ಬರುತ್ತಿದ್ದಳು. ಇದರಲ್ಲಿ ಅಂಥದ್ದೇನಿದೆ ಅಂತ ಅವನು ಕೇಳಿದರೆ ಒಂದೊಂದು ಸಲ ಒಂದೊಂದು ಉತ್ತರ. ದಿನಾ ಸಾವಿರ ಜನ ಆ ಕಂಬಿ ಹಿಡಿದು ಮೆಟ್ಟಿಲು ಹತ್ತುತ್ತಾರೆ, ಅದರ ಹಿಂದೆ ಅಯಸ್ಕಾಂತ ಅಂಟಿಸಿದ ಡಬ್ಬಿ ಇದೆ ಅನ್ನುವುದು ನನಗೊಬ್ಬಳಿಗೇ ಗೊತ್ತು, ಅದೇ ಮಜಾ ಅನ್ನುತ್ತಿದ್ದಳು. ಇನ್ನೊಂದು ಸಲ, ಈ ಡಬ್ಬಿ ಇಲ್ಲದಿದ್ದರೆ ಇಂಥ ಕೆರೆ ಇದೆ ಅಂತ ನಾವು ಸಾಯೋವರೆಗೂ ನೋಡುತ್ತಿರಲಿಲ್ಲ ಅಂದಳು. ಮತ್ತೊಮ್ಮೆ ಯಾರೋ ಇಟ್ಟುಹೋದ ಹಸಿರು ಗೋಲಿಯೊಂದನ್ನು ತೆಗೆದುಕೊಂಡು, ಬದಲಿಗೆ ತನ್ನ ಬ್ಲೌಸಿನ ಗುಂಡಿ ಇಟ್ಟು ಬಂದಿದ್ದಳು. ಐವತ್ತು ಸಮೀಪಿಸಿದ ಹೆಂಗಸು! ಶ್ರೀಕರ್‌ಗೆ ಇವಾವುದೂ ಅಳತೆಗೆ ಸಿಗುವ ಕಾರಣಗಳಾಗಿ ಕಾಣಲಿಲ್ಲ.

ಕೊನೆಯದು, ಅಂದರೆ ಮೂವತ್ತೆಂಟನೆಯದು, ನಾಗಸಂದ್ರದಲ್ಲಿ. ಮೆಟ್ರೊ ನಿಲ್ದಾಣದಿಂದ ಒಳಗೆ ಹೋದರೆ ಒಂದು ಅಶ್ವತ್ಥಕಟ್ಟೆ. ಮನೆಯಲ್ಲಿ ಗಾಜು ಒಡೆದ, ಬಣ್ಣ ಹೋದ ದೇವರ ಪಟಗಳನ್ನು ಕಸಕ್ಕೆ ಹಾಕುವುದಕ್ಕೆ ಯಾರಿಗೂ ಮನಸ್ಸು ಬಾರದೆ ಅಲ್ಲಿ ತಂದು ಒರಗಿಸಿ ಹೋಗುತ್ತಾರಲ್ಲ, ಆ ರಾಶಿಯ ಹಿಂದಿನ ಪೊಟರೆಯಲ್ಲಿ ಡಬ್ಬಿ. ಪ್ರಿಯಂವದಾ ಕೆಲಸ ಮುಗಿಸಿ ಬಂದು, ಹಿಂದೆ ಕೂರುತ್ತಾ, ಇಬ್ಬರ ಹೆಸರೂ ಬರೆದು ಬಂದೆ ಅಂದಳು. ಎಲ್ಲ ಪುಸ್ತಕದಲ್ಲೂ ಹಾಗೇ ಬರೆಯುತ್ತಾ ಬಂದಿದ್ದಾಳೆ ಅನ್ನುವುದು ಅವನಿಗೆ ಗೊತ್ತಾದದ್ದೇ ಆಗ. ಶ್ರೀಕರ್‌ಗೆ ಪಿತ್ತ ನೆತ್ತಿಗೇರಿತು.

"ನಾನು ಇಳಿದೇ ಇಲ್ಲ, ನೋಡೇ ಇಲ್ಲ. ನನ್ನ ಹೆಸರು ಹ್ಯಾಗೆ ಹಾಕ್ತೀಯ? ಹೋಗಿ ಹೊಡೆದುಹಾಕು" ಅಂದ. ಅಷ್ಟಕ್ಕೇ ನಿಲ್ಲಿಸಿದನೇ ಪುಣ್ಯಾತ್ಮ? ಗೀಚಬೇಡ, ಕಾರ್ಖಾನೆ ದಾಖಲೆಯಲ್ಲಿ ಮಾಡುವ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕು ಅಂತ ಪಾಠವನ್ನೂ ಹೇಳಿದ.

"ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು ಏನು ಗೊತ್ತೇನ್ರೀ? ಇಳಿದು ಬನ್ನಿ, ಹೇಳ್ತೀನಿ" ಅಂದಳು. ಅವನು ಇಳಿಯಲಿಲ್ಲ. ಅವಳೇ ಹೋದಳು. ಹತ್ತು ನಿಮಿಷ ಬಿಟ್ಟು ಬಂದಳು. ಮೂರು ವಾರಕ್ಕೆ ಅವಳಿಲ್ಲ.

ಅವಳ ಫೋನಿನಲ್ಲಿ ಆ ಮೂವತ್ತೆಂಟರ ಪಟ್ಟಿ ಇತ್ತು. ಶ್ರೀಕರ್ ಮೊದಲು ಹೋದದ್ದು ಮನೆಗೆ ಹತ್ತಿರದ ಪಾರ್ಕಿನದಕ್ಕೆ. ಯಾಕೆ ಹೋದೆ ಅಂತ ಅವನಿಗೇ ತಿಳಿಯದು. ಕಲ್ಲುಬೆಂಚಿನ ಕೆಳಗೆ ಕೈಯಾಡಿಸಿ ಡಬ್ಬಿ ತೆಗೆದು ಪುಸ್ತಕ ಬಿಚ್ಚಿದರೆ, ಬೋರ್ಡಿನ ಮೇಲೆ ಬರೆಯುವ ಅದೇ ದುಂಡನೆ ಅಕ್ಷರ: ಪ್ರಿಯಂವದಾ, ಶ್ರೀಕರ್. ಅಲ್ಲಿಂದ ಎರಡು ಮೂರು ಭಾನುವಾರಕ್ಕೊಮ್ಮೆ ಅದೇ ಕೆಲಸವಾಯಿತು. ಎರಡು ವರ್ಷದಲ್ಲಿ ಮೂವತ್ತೇಳು ಜಾಗಕ್ಕೆ ಹೋದ. ಆರು ಕಡೆ ಡಬ್ಬಿಯೇ ಇರಲಿಲ್ಲ, ಇಲ್ಲವೇ ಪುಸ್ತಕ ತುಂಬಿ ಹೊಸದು ಇಟ್ಟಿದ್ದರು. ಮೂವತ್ತೊಂದು ಕಡೆ ಅವಳ ಪಕ್ಕದಲ್ಲಿ ಅವನ ಹೆಸರು ಸಿಕ್ಕಿತು. ಸಾವಿರ ಜನರ ನಡುವೆ ತನಗೊಬ್ಬನಿಗೇ ಗೊತ್ತು ಅನ್ನುವ ಮಜಾ ಬರುತ್ತದೇನೋ ಅಂತ ಕಾದ, ಬರಲಿಲ್ಲ. ಕೆರೆ ಏರಿಯ ಮೇಲೆ ನಿಂತು ನೀರು ನೋಡಿದ, ನೀರು ಇತ್ತು. ಅವಳ ಗುಂಡಿಯೂ ಒಂದು ಡಬ್ಬಿಯಲ್ಲಿ ಸಿಕ್ಕಿತು. ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಮತ್ತೆ ಒಳಗೆ ಹಾಕಿ, ಮುಚ್ಚಳ ಮುಚ್ಚಿ ಬಂದ.

ನಾಗಸಂದ್ರಕ್ಕೆ ಮಾತ್ರ ಹೋಗಲಿಲ್ಲ. ಮನೆಯಿಂದ ಸ್ಕೂಟರಿನಲ್ಲಿ ಕಾಲು ಗಂಟೆ ದಾರಿ. ಅಲ್ಲಿ ತನ್ನ ಹೆಸರಿನ ಮೇಲೆ ಅವಳ ಕೈಯಿಂದ ಎಳೆದ ಗೆರೆ ಇದೆ. ತಾನೇ ಎಳೆಸಿದ್ದು. ಅವಳು ತನ್ನ ಬಗ್ಗೆ ಬರೆದ ಕೊನೆಯ ಸಂಗತಿ ಅದು ಅಂತ ಕಣ್ಣಾರೆ ಕಂಡರೆ ಮುಂದೇನು? ಅದನ್ನು ನೋಡುವ ಧೈರ್ಯವಿಲ್ಲ, ನೋಡದೆ ಇರುವುದಕ್ಕೂ ಆಗದು. ಹಾಗೇ ದಿನ ತಳ್ಳಿದ.

ಹೋದ ತಿಂಗಳು ಆಪ್‌ನಲ್ಲಿ ಒಂದು ಸೂಚನೆ ಬಂತು. ಮೂರು ಜನ ಹುಡುಕಿ ಬರಿಗೈಲಿ ವಾಪಸ್ ಹೋಗಿದ್ದಾರೆ, ಡಬ್ಬಿ ಇಟ್ಟವರು ಊರು ಬಿಟ್ಟಿದ್ದಾರೆ, ಆದ್ದರಿಂದ ತಿಂಗಳ ಕೊನೆಗೆ ಈ ಜಾಗವನ್ನು ಪಟ್ಟಿಯಿಂದ ತೆಗೆಯಲಾಗುವುದು. ಶ್ರೀಕರ್ ಅದನ್ನು ಊಟದ ಹೊತ್ತಿನಲ್ಲಿ ಓದಿದ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೆಲಸದ ನಡುವೆಯೇ ಅರ್ಧ ದಿನದ ರಜೆ ಬರೆದುಕೊಟ್ಟು ಹೊರಟ. ಚನ್ನವೀರಪ್ಪ ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದ.

ಕಟ್ಟೆಯ ಹತ್ತಿರದ ಬೇವಿನ ಮರದ ಕೆಳಗೆ, ಅವತ್ತು ನಿಲ್ಲಿಸಿದ್ದ ಜಾಗದಲ್ಲೇ ಸ್ಕೂಟರ್ ನಿಲ್ಲಿಸಿದ. ಈ ಸಲ ಇಳಿದ. ಹೋಗಿ ನೋಡಿದರೆ ಪಟಗಳ ರಾಶಿಯೇ ಇಲ್ಲ! ಕಟ್ಟೆ ಗುಡಿಸಿ ಸಾರಿಸಿದ ಹಾಗಿದೆ. ಪೊಟರೆಯಲ್ಲಿ ಮೊಣಕೈವರೆಗೂ ಕೈ ಹಾಕಿದ. ಒಣ ಎಲೆ, ಒಂದು ಮುರಿದ ಊದುಬತ್ತಿ ಸ್ಟ್ಯಾಂಡು, ಅಷ್ಟೇ. ಹೊರಗೆ ತೆಗೆದ ಕೈಯನ್ನು ನೋಡುತ್ತಾ ನಿಂತ. ಹೋಯಿತು ಅಂದುಕೊಂಡ. ಆಗಲೂ ಏನೂ ಅನ್ನಿಸಲಿಲ್ಲ.

ಕಟ್ಟೆಯ ಕೆಳಗೆ ಹೂವು, ನಿಂಬೆಹಣ್ಣು ಇಟ್ಟುಕೊಂಡು ಮಾರುವ ಮುದುಕಿಯೊಬ್ಬಳು ಇವನನ್ನೇ ಗಮನಿಸುತ್ತಿದ್ದಳು. ಪಿಳ್ಳಮ್ಮ ಅಂತ ಹೆಸರು. ಕಟ್ಟೆ ಗುಡಿಸುವವಳೂ ಅವಳೇ. ಏನು ಹುಡುಕ್ತಿದ್ದೀರಿ ಅಂತ ಕೇಳಿದಳು. ಯಾರಿಗೂ ಹೇಳಬಾರದು ಅನ್ನುವುದು ಆಟದ ನಿಯಮ. ನಿಯಮ ಅಂದರೆ ಪ್ರಾಣ ಬಿಡುವ ಶ್ರೀಕರ್, ಒಂದು ಡಬ್ಬಿ, ಅದರೊಳಗೆ ಪುಸ್ತಕ ಅಂದುಬಿಟ್ಟ.

"ಅರಕೆ ಪುಸ್ತಕನಾ?" ಅಂದಳು ಪಿಳ್ಳಮ್ಮ. ನಾಗರಕಲ್ಲುಗಳ ಹಿಂದೆ ಕೈ ಹಾಕಿ ಡಬ್ಬಿ ತೆಗೆದಳು. ಮುಚ್ಚಳದ ತುಂಬ ಅರಿಶಿನ ಕುಂಕುಮ.

ಆಗಿದ್ದೇನೆಂದರೆ, ಹಳೇ ಪಟಗಳನ್ನು ಲಾರಿಗೆ ತುಂಬಿಸಲು ಜನ ಬಂದ ದಿನ ಪಿಳ್ಳಮ್ಮ ಈ ಡಬ್ಬಿಯನ್ನು ತೆಗೆದು ಜೋಪಾನ ಮಾಡಿದ್ದಳು. ಅವಳಿಗೆ ಓದು ಬಾರದು. ಯಾರ್‍ಯಾರೋ ಬಂದು, ಆಚೆ ಈಚೆ ನೋಡಿ, ಗುಟ್ಟಾಗಿ ಹೆಸರು ಬರೆದು ಹೋಗುತ್ತಿದ್ದುದನ್ನು ಎಷ್ಟೋ ದಿನದಿಂದ ಕಂಡಿದ್ದಳು. ದೇವರ ಕಟ್ಟೆಯಲ್ಲಿ ಗುಟ್ಟಾಗಿ ಬರೆಯುವುದು ಹರಕೆಯಲ್ಲದೆ ಇನ್ನೇನು? ಬೇಡಿಕೊಳ್ಳಲು ಬಂದವರಿಗೆಲ್ಲ, ಇದರಲ್ಲಿ ಬರೀರಿ, ಒಳ್ಳೇದಾಗ್ತದೆ ಅಂತ ಕೊಡತೊಡಗಿದಳು. ಶ್ರೀಕರ್ ಹಾಳೆ ತಿರುವಿದ. ಮಲಕವ್ವ, ಮಗನ ಜ್ವರ. ದಾನೇಶ್ವರಿ, ಗಾರ್ಮೆಂಟ್ಸ್ ಕೆಲಸ ಕಾಯಂ ಆಗಲಿ. ಯಾರದೋ ಐಟಿಐ ಪರೀಕ್ಷೆ, ಇನ್ಯಾರದೋ ಬಾಣಂತನ. ಕಾರ್ಖಾನೆ ಬೀದಿಗಳ ಬಾಡಿಗೆ ಕೋಣೆಗಳಲ್ಲಿ ಇರುವವರ ಕಷ್ಟವೆಲ್ಲ ಆ ಪುಟ್ಟ ಪುಸ್ತಕದಲ್ಲಿತ್ತು.

ಒಂದು ಹಾಳೆಯ ಮೂಲೆಗೆ ಗುರುತಿಗೆ ಅಂತ ಸೇಫ್ಟಿ ಪಿನ್ ಚುಚ್ಚಿತ್ತು. ಪಿನ್ ಬಿಚ್ಚಿದ.

ಪ್ರಿಯಂವದಾ, ಶ್ರೀಕರ್. ಶ್ರೀಕರ್ ಮೇಲೆ ಒಂದೇ ಗೆರೆ, ನೆಟ್ಟಗೆ. ಪಕ್ಕದಲ್ಲಿ ಚಿಕ್ಕ ಸಹಿ. ಅವನು ಹೇಳಿದ ಹಾಗೇ ಮಾಡಿದ್ದಳು, ಒಂದಿಷ್ಟೂ ತಪ್ಪಿಲ್ಲ. ಅದರ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದಳು: ಈ ಸಾಲು ಬಿಡಿ. ಅವರೇ ಬಂದು ಬರೆಯುತ್ತಾರೆ.

ಸಾಲು ಖಾಲಿ ಇತ್ತು. ಮೇಲೆ, ಕೆಳಗೆ, ಅಂಚಿನಲ್ಲಿ, ಜನ ಎಲ್ಲೆಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಇರುಕಿಸಿ ಬರೆದಿದ್ದರು. ಆ ಒಂದು ಸಾಲನ್ನು ಯಾರೂ ಮುಟ್ಟಿರಲಿಲ್ಲ.

"ಆ ಟೀಚರಮ್ಮ ಏಳಿದ್ರು ಸಾಮಿ," ಅಂದಳು ಪಿಳ್ಳಮ್ಮ. "ಇಲ್ಲಿ ಯಾರೂ ಬರೀದಂಗೆ ನೋಡ್ಕಳಮ್ಮ, ನಮ್ಮನೆಯವ್ರು ಬರ್ತಾರೆ ಅಂತ. ಗಂಡ ಮನೆ ಬಿಟ್ಟು ಓಗವ್ನೇನೋ ಅಂದ್ಕಂಡು ನಾನೂ ದಿನಾ ಊವು ಇಕ್ತಿದ್ದೆ. ನೀವೇನಾ?"

ಹೌದು, ತಾನೇ ಅಂದ. ಎಲ್ಲಕ್ಕಿಂತ ಚೆನ್ನಾಗಿರುವುದು ಏನು ಅಂತ ಅವಳು ಹೇಳಲಿದ್ದದ್ದು ಇದನ್ನೇ ಇರಬೇಕು. ಬಚ್ಚಿಟ್ಟವರಿಗೆ ಒಬ್ಬರು ಹುಡುಕಿಕೊಂಡು ಬಂದೇ ಬರುತ್ತಾರೆ ಅನ್ನುವ ನಂಬಿಕೆ ಇರುತ್ತದೆ. ಅವಳಿಗೂ ಇತ್ತು. ಶ್ರೀಕರ್ ಜೇಬಿನಿಂದ ಪೆನ್ನು ತೆಗೆದು ಖಾಲಿ ಸಾಲಿನಲ್ಲಿ ತನ್ನ ಹೆಸರು ಬರೆದ, ಮುಂದೆ ಇವತ್ತಿನ ತಾರೀಕು ಹಾಕಿದ.

"ಅವ್ರೆಲ್ಲಿ? ಬರ್ನಿಲ್ವಾ?" ಪಿಳ್ಳಮ್ಮ ಕೇಳಿದಳು.

ಬ್ಯಾಂಕಿನಲ್ಲಿ, ಗ್ಯಾಸ್ ಏಜೆನ್ಸಿಯಲ್ಲಿ, ರೇಷನ್ ಕಾರ್ಡಿನ ಕೌಂಟರಿನಲ್ಲಿ ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಅವನ ನಾಲಿಗೆ ಪಳಗಿಹೋಗಿತ್ತು. ತೀರಿಕೊಂಡರು ಅನ್ನುವುದು ಪಿನ್‌ಕೋಡ್ ಹೇಳಿದಷ್ಟು ಸಲೀಸು. ಆದರೆ ಎರಡು ವರ್ಷ ಹೂವು ಇಟ್ಟು ಕಾದ ಮುದುಕಿಯ ಮುಖ ಎದುರಿಗಿತ್ತು.

"ಸ್ಕೂಟರ್ ಮೇಲೆ ಕೂತಿದ್ದಾಳಮ್ಮ," ಅಂದ. "ಇಳಿಯಲ್ಲ ಅಂದ್ಲು."

ಪಿಳ್ಳಮ್ಮ ಹಣೆಗೆ ಕೈ ಅಡ್ಡ ಹಿಡಿದು ಬೇವಿನ ಮರದ ಕಡೆ ನೋಡಿದಳು. ಕಣ್ಣಿಗೆ ಪೊರೆ ಬಂದಿತ್ತು, ಏನು ಕಂಡಿತೋ. ನಗುತ್ತಾ ಅತ್ತ ಕೈ ಬೀಸಿದಳು. ಒಂದು ಮೊಳ ಮಲ್ಲಿಗೆ ಕಿತ್ತು, ಅವ್ರಿಗೆ ಮುಡ್ಸಿ ಅಂತ ಎಲೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು.

ಶ್ರೀಕರ್ ಪುಸ್ತಕವನ್ನು ಮತ್ತೆ ಬಿಚ್ಚಿದ. ತನ್ನ ಹೆಸರಿನ ಹಿಂದೆ ಉಳಿದಿದ್ದ ಇಷ್ಟೇ ಇಷ್ಟು ಜಾಗದಲ್ಲಿ, ಇವತ್ತಿನ ತಾರೀಕಿಗೆ, ಪ್ರಿಯಂವದಾ ಅಂತ ಬರೆದ. ಹದಿನೇಳನೇ ನಂಬರಿನ ಠಸ್ಸೆಯವನು ಜೀವಮಾನದಲ್ಲಿ ಮಾಡಿದ ಮೊದಲ ಸುಳ್ಳು ದಾಖಲೆ ಅದು. ಡಬ್ಬಿ ಮುಚ್ಚಿ ಪಿಳ್ಳಮ್ಮನ ಕೈಗೆ ಕೊಟ್ಟು, ಸ್ಕೂಟರಿನವರೆಗೆ ನಡೆದು ಬಂದ. ಹೂವನ್ನು ಹಿಂದಿನ ಸೀಟಿನ ಮೇಲೆ ಇಟ್ಟ. ಹೆಲ್ಮೆಟ್ ಹಾಕಿಕೊಂಡು, ಗಾಜು ಕೆಳಗೆ ಇಳಿಸಿ, ಅದರೊಳಗೇ ಅತ್ತ.