ಪಡಸಾಲೆಯ ಬಿರುಕು

ಮೊರಬದ ನಮ್ಮ ಮನೆಯ ಪಡಸಾಲೆ ಗೋಡೆಯಲ್ಲಿ ಮೊಳದುದ್ದದ ಬಿರುಕಿತ್ತು. ಪ್ರತಿ ದೀಪಾವಳಿಗೆ ಬಣ್ಣ ಹಚ್ಚುವ ಮೊದಲು ಅದಕ್ಕೆ ಪುಟ್ಟಿ ಮೆತ್ತುತ್ತಿದ್ದೆ. ಬೇಸಿಗೆಗೆ ಹಕ್ಕಳೆಯೆದ್ದು ಉದುರುತ್ತಿತ್ತು. ಪುಟ್ಟಿಯೇ ಖೊಟ್ಟಿ ಎಂದು ಅಂಗಡಿಯವನ ಮೇಲೆ ಹರಿಹಾಯುತ್ತಿದ್ದೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಬಂದ ಬಣ್ಣದ ಕೆಲಸದ ಕಾಕಾ ಗೋಡೆ ಬಿಟ್ಟು ಅಂಗಳದ ಎರೆಮಣ್ಣನ್ನೇ ನೋಡಿದರು.

“ಈ ನೆಲ ಮಳಿಗೆ ಉಬ್ಬತೈತಿ, ಬಿಸಲಿಗೆ ಬಿರೀತೈತ್ರಿ. ದೀಪಾವಳಿಗೆ ಬಿರುಕು ಮುಚ್ಚಿರತೈತಿ, ಆವಾಗ ಏನ್ ತುಂಬ್ತೀರಿ? ಈಗ ಬಾಯಿ ತೆರದೈತಿ, ಈಗ ತುಂಬ್ರಿ. ಪುಟ್ಟಿ ಬ್ಯಾಡ, ರಬ್ಬರಿನಂಗ ಜಗ್ಗೂದು ಬೇಕು.”

ಟ್ಯೂಬಿನಲ್ಲಿ ಬರುವ ಮೆತ್ತನೆಯ ಸೀಲಂಟನ್ನು ಒಲ್ಲದ ಮನಸ್ಸಿನಿಂದಲೇ ತುಂಬಿಸಿದೆ.

ಈ ಬೇಸಿಗೆಯಲ್ಲಿ ಹೊಲ ಕೈ ಹೋಗುವಷ್ಟು ಬಿರಿದಿದೆ. ಬಿರುಕು ಮರೆಮಾಡಲು ತೂಗುಹಾಕಿದ್ದ ಕ್ಯಾಲೆಂಡರ್ ಸರಿಸಿ ಗೋಡೆ ಸವರಿದೆ. ಬೆರಳಿಗೆ ಬಿರುಕಿನ ಗೆರೆಯೂ ತಾಗಲಿಲ್ಲ. ಉಸ್ಸಪ್ಪಾ ಎಂದು ಕೂತೆ. ಇನ್ನು ಅಂಗಡಿಯವನಿಗೆ ಮುಖ ತೋರಿಸುವುದೊಂದು ಬಾಕಿ.