ಮುಂಜಾನೆಯ ಒತ್ತಡ ನೋಡಿದವರಿಲ್ಲ

ಅಕ್ಕನ ತಲೆನೋವಿಗೆ ಅವಳ ಗಂಡನ ಮನೆಯವರು, ಇಳಕಲ್ಲಿನ ಆ ಸೀರೆ ವ್ಯಾಪಾರದವರು, ಇಟ್ಟ ಹೆಸರು ಪಿತ್ತ. ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳವು. ಅಕ್ಕನಿಗೆ ನಲವತ್ತು ದಾಟಿತ್ತು, ಹೊಟ್ಟೆ ಸೊಂಟ ದಪ್ಪವಾಗಿದ್ದವು, ಸಕ್ಕರೆ ಕಾಯಿಲೆಯೂ ಕಾಣಿಸಿಕೊಂಡಿತ್ತು. ಬಂದವರೆಲ್ಲ "ಮೈಕೈ ತುಂಬ್ಕೊಂಡಾಳ, ಸುಖದಾಗ ಅದಾಳ" ಎನ್ನುತ್ತಿದ್ದರು. ಸುಖವಂತೆ ಸುಖ!

ದಿನಾ ಎದ್ದ ಕೂಡಲೇ ಅವಳ ಹಿಂದಲೆ ಸಿಡಿಯುತ್ತಿತ್ತು. ಅವಳ ಅತ್ತೆ ಲಿಂಬೆರಸಕ್ಕೆ ಧಾರಾಳವಾಗಿ ಉಪ್ಪು ಹಾಕಿ ಕುಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನೋವು ತಾನಾಗಿಯೇ ಇಳಿಯುತ್ತಿತ್ತು, ಹೆಸರು ಮಾತ್ರ ಉಪ್ಪಿಗೆ ಬರುತ್ತಿತ್ತು. ದವಾಖಾನೆಗೂ ಕರೆದೊಯ್ಯುತ್ತಿದ್ದರು, ಇಲ್ಲವೆನ್ನಲಾರೆ. ಆದರೆ ಯಾವಾಗ? ಅವಳು ಜೋಳದ ರೊಟ್ಟಿ ಬಡಿದು, ಎಲ್ಲರಿಗೂ ಉಣಬಡಿಸಿ, ಒಂದು ನಿದ್ದೆ ತೆಗೆದು ಎದ್ದ ಮೇಲೆ. ಆ ಮನೆಯಲ್ಲಿ ಹೆಂಗಸರಿಗೆ ಕಾಯಿಲೆ ಬೀಳಲು ಬಿಡುವಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ಅಲ್ಲಿನ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, ಬಿಪಿ ಏನೂ ಇಲ್ಲವೆಂದು ಕಳಿಸುತ್ತಿದ್ದರು.

ಒಂದು ಸಲ ಬಾಗಲಕೋಟೆಗೆ ನಮ್ಮ ಮನೆಗೆ ಬಂದಾಗ ಮುಂಜಾನೆ ಚಹಾ ಕುಡಿಯುತ್ತ ಅವಳು ತಲೆ ಹಿಡಿದು ಕೂತುಬಿಟ್ಟಳು. ಅದೇ ಗಳಿಗೆ ನಮ್ಮ ಓಣಿಯ ಡಾಕ್ಟರ ಬಳಿ ಎಳೆದುಕೊಂಡು ಹೋದೆ. ಅವರು ಒಮ್ಮೆ ಬಿಪಿ ನೋಡಿದರು, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿದರು. ಎರಡು ಸಲವೂ ವಿಪರೀತ ಏರಿತ್ತು.

"ದಿನಾ ಮುಂಜಾನಿ ಹಿಂಗಽ ಏರತೈತೇನ್ರಿ?"

"ಯಾರಿಗ್ಗೊತ್ರಿ? ಮುಂಜಾನಿ ನಾ ಒಲಿ ಮುಂದ ಇರ್ತೇನಿ," ಎಂದಳು ಅಕ್ಕ. ಇಳಕಲ್ಲಿನಲ್ಲಿ ಮಧ್ಯಾಹ್ನ ನೋಡಿ ಬಿಪಿ ಇಲ್ಲವೆನ್ನುತ್ತಾರೆಂದು ನಾನು ಹೇಳಿದೆ.

ಡಾಕ್ಟರು ನನ್ನತ್ತ ತಿರುಗಿದರು. "ರಕ್ತದ ಒತ್ತಡ ದಿನಾಪೂರ್ತಿ ಒಂದಽ ಇರೂದಿಲ್ಲ. ಇವರದು ಎದ್ದಕೂಡ್ಲೆ ಏರತೈತಿ, ಮಧ್ಯಾಹ್ನಕ್ಕ ಇಳೀತೈತಿ. ಹೊಟ್ಟಿ ಬೊಜ್ಜು, ಸಕ್ಕರಿ, ಮ್ಯಾಲ ಇದು. ರಕ್ತನಾಳ ಬಿರುಸಾಗತಾವ. ಉಪ್ಪು ಕಡಿಮಿ ಮಾಡ್ರಿ, ಗುಳಿಗಿ ತಪ್ಪಸಬ್ಯಾಡ್ರಿ, ವಾರಕ್ಕೊಮ್ಮೆ ಮುಂಜಾನಿನಽ ತೋರಸ್ರಿ. ಇಲ್ಲಂದ್ರ ಲಕ್ವಾ ಹೊಡೀತೈತಿ."

ಹುನಗುಂದದ ಮೇಲೆ ಹೋಗುವ ಬಸ್ಸು ಹತ್ತಿ ನಾನೇ ಅವಳನ್ನು ಇಳಕಲ್ಲಿಗೆ ಬಿಟ್ಟು, ಅವಳ ಗಂಡನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಗಿರಾಕಿ ಬೇಡವೆಂದರೂ ಬೇಸರಿಸದೆ ಇನ್ನೊಂದು ಸೀರೆಯ ಸೆರಗು ಬಿಚ್ಚಿ ತೋರಿಸುವ ಮನುಷ್ಯ. ಅವರೆಂದದ್ದು ಇಷ್ಟು: "ಗುಳಿಗಿ ತಗೊಳ್ಳಲಿ, ಬ್ಯಾಡಂದೋರ್ಯಾರು? ಆದ್ರ ಮುಂಜಾನಿ ದವಾಖಾನಿಗೆ ಹ್ವಾದ್ರ ರೊಟ್ಟಿ ಬಡಿಯೋರ್ಯಾರು?"

ಮತ್ತೆ ಮಧ್ಯಾಹ್ನವೇ ದವಾಖಾನೆ. ಮತ್ತೆ ಅದೇ "ಬಿಪಿ ಇಲ್ಲ". ಇಲ್ಲದ ರೋಗಕ್ಕೆ ಗುಳಿಗೆ ಯಾಕೆಂದು ಅದನ್ನೂ ನಿಲ್ಲಿಸಿದರು. ಲಿಂಬೆ, ಉಪ್ಪು ಮತ್ತೆ ಶುರುವಾದವು.

ಆ ಚಳಿಗಾಲದ ಒಂದು ಮುಂಜಾನೆ ಅಕ್ಕ ಒಲೆಯ ಮುಂದೆಯೇ ವಾಲಿ ಬಿದ್ದಳು. ಸುದ್ದಿ ತಿಳಿದು ನಾನು ಓಡಿಹೋದಾಗ ಬಲಗೈ, ಬಲಗಾಲು ಆಡುತ್ತಿರಲಿಲ್ಲ, ಬಾಯಿ ಒಂದು ಕಡೆ ಎಳೆದಿತ್ತು. ಅವಳ ಅತ್ತೆ ಪಕ್ಕದಲ್ಲೇ ಕೂತು ಕಣ್ಣೊರೆಸಿಕೊಳ್ಳುತ್ತ, "ಇನ್ನ ಮನ್ಯಾಗ ರೊಟ್ಟಿ ಹ್ಯಾಂಗವಾ?" ಎಂದರು.

ಎಷ್ಟು ದಿನದಿಂದ ನುಂಗಿಕೊಂಡಿದ್ದ ಸಿಟ್ಟೋ, ಎಲ್ಲ ಒಮ್ಮೆಲೇ ಕಾರಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ತೊದಲಿದಳು.

"ನಾಳಿಗೆ ಬಡೀತೇನ್ರೀ, ಅತ್ತಿ."