ಕೆಂಪಿ ಕೈಮುಗಿದ ನೀರು

ಬೆಟ್ಟಸೀಮೆಯ ಇತ್ತಲಾರ್ ಕಡೆಯ ಕೆಂಪಿ ಹುಟ್ಟಿದ ಹಟ್ಟಿ ಈಗ ಅಣೆಕಟ್ಟಿನ ನೀರಿನಡಿ ಇದೆ. ಊರು ಮುಳುಗುವ ಮೊದಲೇ ಅವಳ ತಾಯಿ ಅಲ್ಲಿ ತೀರಿಕೊಂಡಿದ್ದಳು. ತಾಯಿಯ ಮುಖ ಕೆಂಪಿಗೆ ನೆನಪಿಲ್ಲ. ಬಾಗಿಲ ಮುಂದಿನ ಕಲ್ಲುಜಗಲಿಯಲ್ಲಿ ಕೂರಿಸಿಕೊಂಡು ತಲೆ ಬಾಚುತ್ತಿದ್ದ ಕೈ ಮಾತ್ರ ನೆನಪಿದೆ. ಮಂಜಿನಲ್ಲಿ ಅಪ್ಪನ ಬೆನ್ನೇರಿ ಊರು ಬಿಟ್ಟ ಹುಡುಗಿ ಮದುವೆಯಾದಳು, ಮಕ್ಕಳನ್ನು ಹೆತ್ತಳು, ಟೀ ಎಲೆ ಕಿತ್ತು ಕಿತ್ತು ಮುದುಕಿಯಾದಳು. ಆದರೂ ತಮ್ಮವರು ಯಾರೂ ಹೊಲಕ್ಕಿಳಿಯದ ಸೋಮವಾರಗಳಲ್ಲಿ ತೋಟದ ಕೆಳಗಿನ ದಂಡೆಗೆ ಹೋಗಿ ನೀರಿಗೆ ಕೈಮುಗಿದು ಬರುತ್ತಿದ್ದಳು.

ಕಳೆದ ಬೇಸಿಗೆಯಲ್ಲಿ ಮೊಮ್ಮಗಳು ಜನನಿ ಅದೇ ಅಣೆಕಟ್ಟಿಗೆ ಕೆಲಸದ ಮೇಲೆ ಬಂದಳು. ನೀರಿನ ತಳದಲ್ಲಿ ಎಷ್ಟು ಹೂಳು ತುಂಬಿದೆಯೆಂದು ನೋಡಲು ತಾವಾಗಿಯೇ ಈಜುವ ಪುಟ್ಟ ರೋಬೋಗಳ ಹಿಂಡನ್ನು ತಂದಿದ್ದಳು.

"ನೀರೊಳಗೆ ಫೋನು ನಡೆಯಲ್ಲ, ಹೆತ್ತೆ. ಸದ್ದು ಮಾಡಿಯೇ ಒಂದನ್ನೊಂದು ಕರೀತವೆ. ಒಂದಕ್ಕೆ ಏನಾದರೂ ಸಿಕ್ಕರೆ ಮಿಕ್ಕವೂ ಅಲ್ಲಿಗೇ ಬರ್ತವೆ," ಎಂದು ಅಜ್ಜಿಗೆ ವಿವರಿಸಿದಳು.

"ಹಂಗಾದರೆ ಎನ್ನ ಅವ್ವೆ ಮನೆ ಹುಡುಕಲಿ, ಕೂಸೇ," ಎಂದು ಕೆಂಪಿ ತಾನು ಕೈಮುಗಿಯುತ್ತಿದ್ದ ನೀರಿನತ್ತ ಬೆರಳು ತೋರಿಸಿದಳು.

ಹಿಂಡು ಅತ್ತ ಮುಳುಗಿತು. ಪರದೆಯ ಮೇಲೆ ಬರೀ ಕೆಸರು, ಮರದ ಬುಡಗಳು. ಕೆಂಪಿ ಕಣ್ಣು ಕೀಳದೆ ನೋಡಿದಳು. ಅಷ್ಟರಲ್ಲಿ ದೂರದ ಅಂಚಿಗೆ ಹೋಗಿದ್ದ ಒಂದು ರೋಬೋ ಸದ್ದು ಮಾಡಿತು. ಉಳಿದವು ಒಂದೊಂದಾಗಿ ಅದರತ್ತ ತಿರುಗಿದವು. ನಿಧಾನವಾಗಿ ಪರದೆಯಲ್ಲಿ ಸಾಲುಗೋಡೆಗಳು ಮೂಡಿದವು.

"ಹೆತ್ತೆ, ಹಟ್ಟಿ ಈ ಕಡೆ ಇಲ್ಲ. ಗುಡ್ಡದ ಆಚೆ ಇದೆ."

ಅಪ್ಪ ಎಂದೋ ಒಮ್ಮೆ "ಅಗೋ ಅಲ್ಲಿ" ಎಂದು ತೋರಿಸಿದ್ದನ್ನು ಕೆಂಪಿ ಮಗುವಿನ ಕಣ್ಣಲ್ಲಿ ನೋಡಿ, ಈ ಕಡೆಯೇ ಎಂದು ತಿಳಿದಿದ್ದಳು.

"ಇಷ್ಟು ಕಾಲ ಬರೀ ಕೆಸರಿಗೆ ಕೈಮುಗಿದೆನಾ?"

ಜನನಿ ಪರದೆಯನ್ನು ಅವಳ ಹತ್ತಿರಕ್ಕೆ ಸರಿಸಿದಳು.

"ಇದರಲ್ಲಿ ಎನ್ನ ಮನೆ ಯಾವುದು?" ಎಂದು ಕೆಂಪಿ ಕೇಳಿದಳು. ಗೋಡೆಗಳೆಲ್ಲ ಒಂದೇ ಥರ ಇದ್ದವು, ಮೊಣಕಾಲೆತ್ತರದ ಹೂಳಿನಲ್ಲಿ. ಕೆಂಪಿಗೂ ಗುರುತು ಸಿಗಲಿಲ್ಲ. "ಅಲ್ಲಿಗೆ ಕರಕೊಂಡು ಹೋಗು," ಎಂದಳು.

ದೋಣಿ ನಡೆಸುವ ಹಾಲನ್ ಗುಡ್ಡ ಬಳಸಿ ಅವರನ್ನು ಕರೆದೊಯ್ದ. ಜನನಿ ಹೇಳಿದ ಕಡೆ ಹುಟ್ಟು ನಿಲ್ಲಿಸಿದ.

"ಇಲ್ಲಿಯಾ?"

"ಇಲ್ಲೇ, ಹೆತ್ತೆ. ನಿನ್ನ ಕೆಳಗೇ."

ಕೆಂಪಿ ಬಾಗಿ ಮಣಿಕಟ್ಟಿನವರೆಗೂ ಕೈಯನ್ನು ನೀರಿಗೆ ಇಳಿಬಿಟ್ಟಳು. ಆಮೇಲೆ, ಆಟ ಮುಗಿಸಿ ಮನೆಗೆ ಬಂದ ಮಗು ಕೂಗುವ ಹಾಗೆ, "ಅವ್ವೇ!" ಎಂದಳು. ಅಷ್ಟು ದೊಡ್ಡ ದನಿಯನ್ನು ಜನನಿ ಅವಳ ಬಾಯಲ್ಲಿ ಎಂದೂ ಕೇಳಿರಲಿಲ್ಲ.

ಗಾಳಿ ಎದ್ದಿತು. "ಚಳಿ ಆಯ್ತು, ಹೋಗೋಣ," ಎಂದಳು ಜನನಿ.

"ಇನ್ನೊಂಚೂರು ಇರು."

ಹಾಲನ್ ಎತ್ತಿದ್ದ ಹುಟ್ಟನ್ನು ಸದ್ದಾಗದಂತೆ ಕೆಳಗಿಟ್ಟ.